ಬೇಸ್‌ಮೆಂಟಿನಲ್ಲಿ ಐವತ್ತು ಕಾಡತೂಸು

ಅಮೆರಿಕದ ಸೀಕಾಕಸ್‌ನ ನಮ್ಮ ಮನೆಯ ಬೇಸ್‌ಮೆಂಟಿಗೆ ಇಳಿದರೆ ಒಂದು ಕಡೆ ಸೋನಾ ಮಸೂರಿ ಮೂಟೆ, ಇನ್ನೊಂದು ಕಡೆ ಬೀಗ ಹಾಕಿದ ಕಪಾಟಿನಲ್ಲಿ ಬಂದೂಕಿನ ಮದ್ದು. ದೀಪಾವಳಿಯಲ್ಲಿ ಸುರುಸುರುಬತ್ತಿ ದಾಟಿ ಮುಂದೆ ಹೋಗದವನು ನಾನು. ಅಕ್ಕಿ ತರಲು ಇಳಿದಾಗಲೆಲ್ಲ ಉಸಿರು ಬಿಗಿಹಿಡಿಯುತ್ತೇನೆ.

ಮದ್ದು ನನ್ನ ಹೆಂಡತಿ ವೀಣಾಳದು. ಮೈಸೂರಿನ ಕಾಲೇಜಿನಲ್ಲಿ ಎನ್‌ಸಿಸಿ ಸೇರಿ ರೈಫಲ್ ಹಿಡಿದವಳು. ಅಲ್ಲಿ ಗುಂಡುಗಳನ್ನು ಎಣಿಸಿ ಕೊಡುತ್ತಿದ್ದರು, ಹಾರಿಸಿದ ಮೇಲೆ ಉಳಿದ ಖಾಲಿ ಕೊಳವೆಗಳನ್ನೂ ಎಣಿಸಿ ವಾಪಸ್ ಪಡೆಯುತ್ತಿದ್ದರಂತೆ. ಇಲ್ಲಿ ಗ್ರೀನ್ ಕಾರ್ಡ್ ಬಂದ ಮೇಲೆ ಪೊಲೀಸರಿಗೆ ಬೆರಳಚ್ಚು ಕೊಟ್ಟು ಪಿಸ್ತೂಲಿಗೆ ಪರವಾನಗಿ ಪಡೆದಳು. ಶನಿವಾರಗಳಂದು ಗುರಿ ಅಭ್ಯಾಸಕ್ಕೆ ಹೋಗತೊಡಗಿದಳು. ಹಾರಿಸಿದ ಹಿತ್ತಾಳೆ ಕೊಳವೆಗೆ ಮನೆಯಲ್ಲೇ ಹೊಸದಾಗಿ ಮದ್ದು ತುಂಬಿ ಗುಂಡು ಕೂರಿಸುವುದಕ್ಕೆ ಇಲ್ಲಿಯವರು ‘ರೀಲೋಡಿಂಗ್’ ಅನ್ನುತ್ತಾರೆ. ಕ್ಲಬ್ಬಿನ ಹಿರಿಯರೊಬ್ಬರು ಅದನ್ನೂ ಕಲಿಸಿದರು. ಮೇಜಿನ ಮೇಲೆ ಒಂದೇ ಬಗೆಯ ಮದ್ದು ಇರಬೇಕು, ಕಣ್ಣಿಗೆ ರಕ್ಷಣೆಯ ಕನ್ನಡಕ ಇರಬೇಕು, ಮದ್ದಿನ ತೂಕ ಕೈಪಿಡಿಯಲ್ಲಿರುವಷ್ಟೇ, ಗುಂಡು ಕೂರಿಸುವ ಮುಂಚೆ ಪ್ರತಿ ಕೊಳವೆಗೂ ಟಾರ್ಚ್ ಬಿಟ್ಟು ಮದ್ದಿನ ಮಟ್ಟ ನೋಡಬೇಕು. ಮುಗಿಯುವ ತನಕ ಯಾರೊಂದಿಗೂ ಮಾತಿಲ್ಲ.

ಆ ಕೊನೆಯ ನಿಯಮ ಮುರಿದವನು ನಾನು. ಒಂದು ಬೆಳಿಗ್ಗೆ ಮೇಲಿನಿಂದ ಕೂಗಿದೆ: “ವೀಣಾ, ನಿಮ್ಮಮ್ಮನ ಫೋನು!” ಅವಳು ಬಂದು ಮಾತಾಡಿ, ಮತ್ತೆ ಇಳಿದುಹೋದಳು.

ಮಧ್ಯಾಹ್ನ ಅವಳು ಹೊಸದಾಗಿ ತುಂಬಿದ ಐವತ್ತು ಕಾಡತೂಸಿನ ಡಬ್ಬಿಯನ್ನು ಕಾರಿನಲ್ಲಿಡುವಾಗ ನನಗೆ ತಟ್ಟನೆ ಆ ಫೋನು ನೆನಪಾಯಿತು.

“ನಾನು ಕರೆದಾಗ ಎಷ್ಟನೇದು ತುಂಬ್ತಿದ್ದೆ?”

“ಅರ್ಧ ಆಗಿತ್ತು ರೀ. ಯಾಕೆ?”

“ಎಲ್ಲಾನೂ ಟಾರ್ಚ್ ಬಿಟ್ಟು ಚೆಕ್ ಮಾಡ್ದೆ ತಾನೆ?”

“ಮಾಡ್ದೆ...” ಡಬ್ಬಿಯ ಕಡೆ ನೋಡಿದಳು. “ಮಾಡ್ದೆ ಅನ್ಸುತ್ತೆ.”

ನಿಲ್ಲಿಸಿದ್ದು ಎಲ್ಲಿ ಅನ್ನುವುದು ಮರೆತು ಒಂದೇ ಕೊಳವೆಗೆ ಎರಡು ಸಲ ಮದ್ದು ಬಿದ್ದಿದ್ದರೆ ಪಿಸ್ತೂಲು ಕೈಯಲ್ಲೇ ಒಡೆಯುತ್ತದೆ. ಈ ದೇಶದಲ್ಲಿ ಅವಳನ್ನು ಬಿಟ್ಟರೆ ನನಗೆ ಇನ್ಯಾರಿದ್ದಾರೆ?

“ಹೋಗ್ಬೇಡ.”

“ನಿಮ್ಗೆ ಮೊದ್ಲಿಂದ್ಲೂ ಇದು ಇಷ್ಟ ಇಲ್ಲ.”

“ಇಲ್ಲ, ನಿಜ. ಆದ್ರೆ ಈಗ ಭಯ ಆಗ್ತಿದೆ ಕಣೆ. ಬಿಚ್ಚಿ ನೋಡು.”

ಮುಖ ಗಂಟಿಕ್ಕಿಕೊಂಡೇ ಇಳಿದಳು. ನಾನು ಮೆಟ್ಟಿಲ ಮೇಲೆ ಕೂತೆ. ಸುತ್ತಿಗೆಯಂಥದೊಂದು ಉಪಕರಣದಲ್ಲಿ ಕಾಡತೂಸು ಸಿಕ್ಕಿಸಿ ಕುಟ್ಟಿದರೆ ಗುಂಡು ಕಳಚಿಕೊಳ್ಳುತ್ತದೆ. ಆಮೇಲೆ ಮದ್ದನ್ನು ತಕ್ಕಡಿಗೆ ಸುರಿಯುವುದು. ಪ್ರತಿ ಏಟಿಗೂ ನಾನು ಬೆಚ್ಚಿದೆ. ಇಪ್ಪತ್ತು ಸರಿ ಇದ್ದವು. ಇಪ್ಪತ್ತೈದು ಸರಿ ಇದ್ದವು. ಮುಂದಿನದನ್ನು ತೂಗಿದವಳು ಕೈಗಳೆರಡನ್ನೂ ಮಡಿಲಿಗೆ ಎಳೆದುಕೊಂಡಳು.

“ರೀ, ಡಬಲ್ ಇದೆ.”

ನಾನು ಇಳಿದು ಹೋಗಿ ಅವಳ ಭುಜ ಹಿಡಿದೆ. ಉಳಿದವನ್ನೂ ಅವಳು ಬಿಡದೆ ಬಿಚ್ಚಿದಳು.

ಇನ್ನು ಬಿಟ್ಟುಬಿಡುತ್ತಾಳೆ ಅಂದುಕೊಂಡಿದ್ದೆ. ಬಿಡಲಿಲ್ಲ. ಎರಡು ವಾರ ಬಿಟ್ಟು ಮತ್ತೆ ಮದ್ದು ತುಂಬಲು ಕೂತಳು, ಈ ಸಲ ಫೋನುಗಳೆಲ್ಲ ಬಂದ್. ನಾನು ಬಾಗಿಲು ಕಾಯುತ್ತೇನೆ. ಭಯ ಮಾತ್ರ ಹೋಗಿಲ್ಲ. ಫ್ಲಶಿಂಗ್‌ನಲ್ಲಿರುವ ದೇವಸ್ಥಾನದ ಕ್ಯಾಂಟೀನಿನಲ್ಲಿ ಸ್ನೇಹಿತರು ವೀಕೆಂಡ್ ಏನು ಮಾಡ್ತೀರಿ ಅಂದರೆ ದೋಸೆ ಕಡೆ ನೋಡುತ್ತೇನೆ.

ಮೊನ್ನೆ ಮೈಸೂರಿನಿಂದ ಅಕ್ಕ ಕೇಳಿದಳು: “ಟೀವೀಲಿ ತೋರಿಸ್ತಾರಲ್ಲೋ, ನಿಮ್ಮ ಕಡೆ ಬರೀ ಗನ್ನಂತೆ?”

“ನಮ್ಮ ಕಡೆ ಹಾಗೇನಿಲ್ಲ ಕಣೆ,” ಎಂದೆ. ಫೋನ್ ಇಟ್ಟ ಮೇಲೆ ಯೋಚಿಸಿದೆ, ‘ನಮ್ಮ ಕಡೆ’ ಅಂತ ನಾನು ಹೇಳಿದ್ದು ಯಾವ ಊರನ್ನು?