ಚುಕ್ಕಿಗೆ ಔಷಧಿ ಹಚ್ಚಿದ ಬೆಳಗ್ಗೆ

ನಾನು ಚಿಕ್ಕವಳಿದ್ದಾಗ, ಒಂದು ಬೆಳಗ್ಗೆ, ಆ ದಿನ ಏನೇನು ಕೆಡಬಹುದು ಎಂದು ಬೆರಳು ಮಡಚಿ ಎಣಿಸಿದ್ದೆ. ಹಸು ಒದೆಯಬಹುದು. ಔಷಧಿಗೆ ನೀರು ಕಡಿಮೆಯಾಗಿ ಅದರ ಚರ್ಮ ಸುಡಬಹುದು; ನೀರು ಹೆಚ್ಚಾಗಿ ಒಂದು ಉಣ್ಣಿಯೂ ಸಾಯದೆ ಇರಬಹುದು. ಹಸು ಮೈ ನೆಕ್ಕಿಕೊಂಡು ಬಾಯಲ್ಲಿ ನೊರೆ ಬರಬಹುದು. ಗಾಳಿ ತಿರುಗಿ, ಅಪ್ಪನ ರೇಷ್ಮೆಹುಳುಗಳೆಲ್ಲ ತಟ್ಟೆಯಲ್ಲೇ ಸತ್ತುಬೀಳಬಹುದು. ಬಕೆಟ್ ಮಗುಚಬಹುದು. ಡಾಕ್ಟರು ಬೇಗ ಬಂದುಬಿಡಬಹುದು, ಅಥವಾ ಬಾರದೇ ಇರಬಹುದು. ನನ್ನ ಹತ್ತು ಬೆರಳು ಮುಗಿದ ಮೇಲೆ ಅಕ್ಕನ ಕೈ ಹಿಡಿದುಕೊಂಡು ಎಣಿಕೆ ಮುಂದುವರಿಸಿದೆ.

"ಸಿಡ್ಲು ಹೊಡೆಯೋದು ಬಿಟ್ಬಿಟ್ಯಲ್ಲೇ," ಎಂದಳು ಅಕ್ಕ.

ಅದನ್ನೂ ಸೇರಿಸಿಕೊಂಡೆ.

ಮಕ್ಕಳೇ, ಚಿಕ್ಕವಳು ಅಂದರೆ ತೀರಾ ಹಾಲುಹಲ್ಲಿನವಳಲ್ಲ. ಪಿಯುಸಿ ಪರೀಕ್ಷೆ ಬರೆದು ಕೂತಿದ್ದ ಹದಿನೇಳರ ಹುಡುಗಿ. ನಿಮ್ಮ ಪಾಲಿಗೆ ಅದು ಬಹಳ ಹಳೆಯ ಕಾಲ, ನನ್ನ ಪಾಲಿಗೆ ಮೊನ್ನೆ. ಅಕ್ಕ ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು, ನೀವು ಅವಳ ಮೊಮ್ಮಕ್ಕಳು. ಹಾಗಾಗಿ ನಲವತ್ತು ಮುಟ್ಟುತ್ತಿದ್ದಂತೆಯೇ ನಾನೂ ಅಜ್ಜಿಯಾಗಿಬಿಟ್ಟೆ. ಜೀವನದಲ್ಲಿ ಮುಂಚಿತವಾಗಿ ಚಿಂತೆ ಮಾಡಲು ಮರೆತದ್ದು ಇದೊಂದೇ.

ಮೇಲೂರಿನಿಂದ ಸ್ವಲ್ಪ ಒಳಕ್ಕಿದ್ದ ನಮ್ಮೂರಿನಲ್ಲಿ ಹಸುವಿಲ್ಲದ ಮನೆ ಇರಲಿಲ್ಲ, ರೇಷ್ಮೆಹುಳು ಸಾಕದ ಮನೆಯೂ ಕಡಿಮೆ. ಹುಳು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ ಹಸುವಿಗೆ. ಹಸುವಿನ ಗೊಬ್ಬರ ಹಿಪ್ಪುನೇರಳೆ ತೋಟಕ್ಕೆ. ನಮ್ಮ ಹಸುವಿನ ಹೆಸರು ಚುಕ್ಕಿ. ಕಪ್ಪು ಮೈಯ ಸೀಮೆಹಸು, ಹಣೆಯ ಮೇಲೆ ಸುಣ್ಣದ ಬೆರಳು ಒತ್ತಿದಂತೆ ಒಂದು ಬಿಳಿ ಮಚ್ಚೆ.

ಸರ್ಕಾರಿ ಕೆಲಸದಿಂದ ನಿವೃತ್ತರಾದ ಪಶುವೈದ್ಯರೊಬ್ಬರು ನಮ್ಮೂರಿಗೆ ಬಂದು ನೆಲೆಸಿದ್ದರು. ಎಲ್ಲರೂ ಅವರನ್ನು ಡಾಕ್ಟರು ಎಂದೇ ಕರೆಯುತ್ತಿದ್ದರು. ಆ ಬೇಸಿಗೆಯಲ್ಲಿ ನಾನು ಅವರ ಹಿಂದೆ ಚೀಲ ಹಿಡಿದು ಮನೆಮನೆ ಸುತ್ತಿ ಕೆಲಸ ಕಲಿಯುತ್ತಿದ್ದೆ. ಮೊದಲ ವಾರ ಸೂಜಿ ಮುಟ್ಟಲೂ ಬಿಡಲಿಲ್ಲ. ಜಗಲಿಯ ಕಂಬಕ್ಕೆ ಹಗ್ಗ ಕಟ್ಟು, ಬಿಚ್ಚು, ಕಟ್ಟು, ಬಿಚ್ಚು. "ಹಸು ಗಾಬರಿ ಬಿದ್ದು ಕುತ್ಗೆ ತಿರುವ್ಕೊಂಡ್ರೆ ನಿಂತ್ಕೊಂಡು ಯೋಚ್ನೆ ಮಾಡೋಕೆ ಟೈಮ್ ಇರಲ್ಲಮ್ಮ. ಒಂದೇ ಎಳೆತಕ್ಕೆ ಬಿಚ್ಬೇಕು," ಎನ್ನುತ್ತಿದ್ದರು. ಆಮೇಲೆ ಹಸುವಿನ ಕಿವಿಯ ಬುಡ ಮುಟ್ಟಿ ಜ್ವರ ಗುರುತಿಸುವುದು, ಮೆಲುಕು ಹಾಕುತ್ತಿದೆಯೋ ಇಲ್ಲವೋ ನೋಡುವುದು, ಸಗಣಿಯ ವಾಸನೆಯಿಂದ ಹೊಟ್ಟೆಯ ಸಮಾಚಾರ ತಿಳಿಯುವುದು. ಮನೆಗೆ ಬಂದರೆ ಅಕ್ಕ ನನ್ನನ್ನು ಊಟಕ್ಕೆ ದೂರ ಕೂರಿಸುತ್ತಿದ್ದಳು.

ನಮ್ಮೂರಿನ ಹಾಲಿನ ಡೈರಿಗೆ ದನಗಳ ಪ್ರಥಮ ಚಿಕಿತ್ಸೆ ಬಲ್ಲ ಒಬ್ಬರು ಬೇಕಿತ್ತು. ಅದರ ತರಬೇತಿ ನಡೆಯುತ್ತಿದ್ದದ್ದು ಚಿಕ್ಕಬಳ್ಳಾಪುರದಲ್ಲಿ. ಹೋಗಲು ಡಾಕ್ಟರ ಕಾಗದ ಬೇಕು. ಊರಿನಿಂದ ಅದುವರೆಗೆ ಹೆಣ್ಣುಮಕ್ಕಳು ಯಾರೂ ಹೋಗಿರಲಿಲ್ಲ. ನನಗೆ ಹೋಗಲೇಬೇಕಿತ್ತು, ಆದರೆ ಡಾಕ್ಟರನ್ನು ಕೇಳಲು ಹದಿನೈದು ದಿನ ಹಿಡಿಯಿತು.

"ನಿಮ್ಮನೆ ಹಸು ಮೈತುಂಬ ಉಣ್ಣಿ ಐತಲ್ಲ," ಎಂದರು ಅವರು. "ನಾಳೆ ನೀನೊಬ್ಳೇ ಔಷ್ಧಿ ಹಚ್ಚು. ಹನ್ನೊಂದ್ ಗಂಟೆಗೆ ಬಂದು ನೋಡ್ತೀನಿ. ಹಸು, ಹುಳ ಎರಡೂ ಚೆನ್ನಾಗಿದ್ರೆ ಕಾಗ್ದ ಬರ್ಕೊಡ್ತೀನಿ."

ಹುಳದ ಮಾತು ಯಾಕೆ ಬಂತೆಂದರೆ, ಉಣ್ಣಿಯನ್ನು ಕೊಲ್ಲುವ ಔಷಧಿ ರೇಷ್ಮೆಹುಳುವನ್ನೂ ಕೊಲ್ಲುತ್ತದೆ. ಒಂದು ಹನಿ ಸೊಪ್ಪಿನ ಮೇಲೆ ಬಿದ್ದರೂ ಸಾಕು. ಹಚ್ಚಿದ ಕೈಯಲ್ಲಿ ತಟ್ಟೆ ಮುಟ್ಟಿದರೂ ಸಾಕು. ಅಪ್ಪನ ಹುಳುಗಳು ಆಗ ಕೊನೆಯ ಹಂತದಲ್ಲಿದ್ದವು, ನನ್ನ ಕಿರುಬೆರಳಿನಷ್ಟು ದಪ್ಪ. ಅಷ್ಟು ದಿನದ ದುಡಿಮೆ ಇನ್ನೇನು ಗೂಡಾಗಬೇಕು, ಅಂಥ ಹೊತ್ತು.

"ಬೇರೆ ದಿನ ಸಿಗ್ಲಿಲ್ವೇನಮ್ಮ ನಿಂಗೆ? ಇನ್ನು ನಾಕು ದಿನಕ್ಕೆ ಹುಳ ಹಣ್ಣಾಗಿ ಗೂಡು ಕಟ್ತವೆ," ಎಂದರು ಅಪ್ಪ. ಆದರೆ ಚುಕ್ಕಿ ಎರಡು ದಿನದಿಂದ ಮೇವು ಅರ್ಧಕ್ಕೇ ಬಿಡುತ್ತಿತ್ತು. ಕೆಚ್ಚಲ ಸಂದಿಯಲ್ಲಿ ಉಣ್ಣಿಗಳು ಹುರುಳಿಕಾಳಿನಂತೆ ಊದಿಕೊಂಡಿದ್ದವು. ಅಪ್ಪ ಅದನ್ನು ನೋಡಿದರು, ನನ್ನನ್ನು ನೋಡಿದರು. "ಮಾಡು. ಆದ್ರೆ ಇವತ್ತು ಹುಳದ ಮನೆ ಕಡೆ ಕಾಲಿಡ್ಬೇಡ," ಎಂದು ಅದರ ಬಾಗಿಲಲ್ಲಿ ಪೊರಕೆ ಹಿಡಿದು ಕೂತರು.

ಹಾಲು ಕರೆದಾದ ಮೇಲೆ ಚುಕ್ಕಿಗೆ ಹೊಟ್ಟೆತುಂಬ ನೀರು, ಹುಲ್ಲು ಕೊಟ್ಟು, ತೋಟ ದಾಟಿಸಿ ಊರಾಚೆಯ ಹೊಂಗೆಮರದ ಹತ್ತಿರ ಹೊಡೆದುಕೊಂಡು ಹೋದೆ. ಸೆರಗಿನಲ್ಲಿ ಕಟ್ಟಿ ತಂದಿದ್ದ ರಾಗಿಹೊಟ್ಟನ್ನು ಒಂದು ಹಿಡಿ ಮೇಲಿನಿಂದ ಬಿಟ್ಟೆ. ಗಾಳಿ ನೋಡಲು ಡಾಕ್ಟರು ಕಲಿಸಿದ್ದ ಉಪಾಯವದು. ಹೊಟ್ಟು ನಂದಿ ಬೆಟ್ಟಕ್ಕೆ ಬೆನ್ನು ಹಾಕಿ ಚಿಂತಾಮಣಿ ಕಡೆಗೆ ಹಾರಿತು. ನಮ್ಮ ಮನೆ, ತೋಟ ಇದ್ದದ್ದು ಬೆಟ್ಟದ ಕಡೆ. ಸಮಾಧಾನವಾಗದೆ ಇನ್ನೊಂದು ಹಿಡಿ ಬಿಟ್ಟೆ. ಮೂರನೆಯದನ್ನು ಬಿಡುವಾಗ ಚುಕ್ಕಿ ಸೀನಿತು.

ಮೈ ಒಣಗುವವರೆಗೆ ಅದು ನೆಕ್ಕಿಕೊಳ್ಳಬಾರದು. ಅದಕ್ಕೇ ಅಪ್ಪ ತಂದಿಟ್ಟಿದ್ದ ಹೊಸ ಹಗ್ಗದಿಂದ ತಲೆ ಮೇಲೆತ್ತಿ, ಗಿಡ್ಡಕ್ಕೆ ಮರಕ್ಕೆ ಕಟ್ಟಿದೆ. ಹಗ್ಗ ಬಿಚ್ಚಿಕೊಂಡು, ಒದ್ದೆ ಮೈಯಲ್ಲಿ ಅದು ಸೀದಾ ಹಿಪ್ಪುನೇರಳೆ ತೋಟಕ್ಕೆ ನುಗ್ಗಿದರೆ? ಭದ್ರವಾಗಿಯೇ ಕಟ್ಟಿದೆ. ಸಿಂಪಡಿಸಿದರೆ ಗಾಳಿಗೆ ಹೋಗುತ್ತದೆಂದು ಬಟ್ಟೆ ಅದ್ದಿ ಒರೆಸತೊಡಗಿದೆ: ಕತ್ತು, ಬೆನ್ನು, ತೊಡೆಯ ಸಂದಿ, ಬಾಲದ ಬುಡ. ಸೀಮೆಎಣ್ಣೆಯಂಥ ಘಾಟು, ಬಿಸಿಲಿಗೆ ಕಾದ ಹಸುವಿನ ಮೈಯ ವಾಸನೆ, ಕಾಲಡಿಯಲ್ಲಿ ಹೊಂಗೆಹೂವು. ಚುಕ್ಕಿ ಅಲುಗದೆ ನಿಂತಿತ್ತು. ಕೆಚ್ಚಲ ಹತ್ತಿರ ಬಂದಾಗ ಅದು ತಾನಾಗಿಯೇ ಹಿಂಗಾಲು ಸ್ವಲ್ಪ ಅಗಲಿಸಿ ನಿಂತಿತು.

ಉಳಿದ ಔಷಧಿಯನ್ನು ಕೆರೆಯಿಂದ ದೂರ ಗುಂಡಿ ತೋಡಿ ಮುಚ್ಚಿದೆ. ಮರದಾಚೆ ಇದ್ದ ಗುಡಿಸಲ ಮರೆಯಲ್ಲಿ ಅಕ್ಕ ಇಟ್ಟಿದ್ದ ನೀರಿನಲ್ಲಿ ತಲೆಗೆ ಸೀಗೆಪುಡಿ ಹಾಕಿ ಮೂರು ಸಲ ತಿಕ್ಕಿ, ಬಟ್ಟೆ ಬದಲಿಸಿ, ಮನೆಯ ಹಿತ್ತಲಿಗೆ ಬಂದು ದೂರದಲ್ಲೇ ನಿಂತೆ. ಅಲ್ಲಿಂದ ಹುಳದ ಮನೆಯ ಸದ್ದು ಕೇಳುತ್ತದೆ. ದೊಡ್ಡ ಹುಳು ಸೊಪ್ಪು ತಿನ್ನುವ ಸದ್ದು ನೀವು ಕೇಳಿಲ್ಲ. ಒಂದು ಕ್ಲಾಸಿನ ಮಕ್ಕಳೆಲ್ಲ ಒಟ್ಟಿಗೆ ಹೊಸ ಪುಸ್ತಕದ ಹಾಳೆ ಮಗುಚುತ್ತಿರುವ ಹಾಗೆ ಇರುತ್ತದೆ.

ಆವತ್ತು ಸದ್ದೇ ಇರಲಿಲ್ಲ.

ಕಿವಿ ಕೊಟ್ಟು ಕೇಳಿದೆ. ಇಲ್ಲ. ಗಾಳಿ ತಿರುಗಿರಬೇಕು, ನಾಕು ದಿನದಲ್ಲಿ ಹಣ್ಣಾಗಬೇಕಿದ್ದ ಹುಳು ನನ್ನಿಂದ ಹೋದವು ಎಂದುಕೊಂಡೆ. "ಅಪ್ಪಾ" ಎಂದು ಕರೆಯಲು ಬಾಯಿ ತೆರೆದೆ. ಅಷ್ಟರಲ್ಲಿ ಅಪ್ಪ ಒಳಗಿನಿಂದ ಕೂಗಿದರು: "ಸೊಪ್ಪೆಲ್ಲಮ್ಮ? ತಿಂದು ಖಾಲಿ ಮಾಡಿ ತಲೆ ಎತ್ಕೊಂಡು ಕೂತವೆ ಇವು." ನನಗೆ ನೀರು ಕಾಯಿಸಿ ಕೊಡುವ ಗಡಿಬಿಡಿಯಲ್ಲಿ ಅಕ್ಕ ಸೊಪ್ಪು ಕೊಯ್ಯಲು ತಡಮಾಡಿದ್ದಳು, ಅಷ್ಟೇ. ಅವಳು ಹೊರೆ ಇಳಿಸಿ ತಟ್ಟೆಗಳಿಗೆ ಹರಡಿದ ಸ್ವಲ್ಪ ಹೊತ್ತಿಗೆ ಹಾಳೆ ಮಗುಚುವ ಸದ್ದು ಮತ್ತೆ ಶುರುವಾಯಿತು. ನಾನು ಹಿತ್ತಲ ಕಲ್ಲಿನ ಮೇಲೆ ಕೂತುಬಿಟ್ಟೆ.

ಡಾಕ್ಟರು ಮೊಪೆಡ್ಡಿನಲ್ಲಿ ಬಂದು ಹುಳದ ಮನೆಗೆ ಕಿಟಕಿಯಿಂದಲೇ ಇಣುಕಿದರು, ಗುಂಡಿ ನೋಡಿದರು, ಚುಕ್ಕಿಯ ಕಿವಿಯ ಬುಡ ಮುಟ್ಟಿದರು. ಉಣ್ಣಿಗಳು ಒಂದೊಂದಾಗಿ ಕಳಚಿ ನೆಲಕ್ಕೆ ಬೀಳುತ್ತಿದ್ದವು. ಮೊಪೆಡ್ಡಿನ ಸೀಟಿನ ಮೇಲೆ ಹಾಳೆ ಇಟ್ಟುಕೊಂಡು ಕಾಗದ ಬರೆದುಕೊಟ್ಟರು. ಆ ಕಾಗದ ಹಿಡಿದು ಚಿಕ್ಕಬಳ್ಳಾಪುರದ ಬಸ್ಸು ಹತ್ತಿದವಳು ಇವತ್ತಿಗೂ ಅದೇ ಕೆಲಸದಲ್ಲಿದ್ದೇನೆ.

ಈಗ ನಿಮಗೆ ಎಲ್ಲವೂ ಫೋನಿನಲ್ಲೇ ಸಿಗುತ್ತದೆ. ನಾಯಿಗೆ ಸ್ನಾನ ಮಾಡಿಸುವುದು ಹೇಗೆಂದು ನೋಡಿ ಕಲಿತು, ನನಗೇ ಹೇಳಿಕೊಡುತ್ತೀರಿ. ಗಾಳಿ ಯಾವ ಕಡೆಗೆಂದೂ ಫೋನೇ ಹೇಳುತ್ತದೆ, ರಾಗಿಹೊಟ್ಟು ಬೇಕಿಲ್ಲ. ಒಳ್ಳೆಯದೇ. ಆದರೆ ಪ್ರಾಣಿಯ ಕಿವಿಯ ಬುಡ ಮುಟ್ಟಿ ನೋಡುವುದನ್ನು ಬಿಡಬೇಡಿ, ಅದು ನಿಮಗೆ ಜಾಗ ಬಿಟ್ಟು ನಿಲ್ಲುವವರೆಗೆ ಕಾಯಿರಿ. ನಿಮ್ಮ ನಾಯಿಯ ಬೆಲ್ಟಂತೂ ಟಕ್ ಎಂದರೆ ಸೇರುತ್ತದೆ, ಟಕ್ ಎಂದರೆ ಬಿಚ್ಚುತ್ತದೆ. ಅದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆಕಿಚ್ಚು. ಯಾಕೆಂದು ನೀವು ಕೇಳುತ್ತಲೇ ಇದ್ದೀರಿ. ಹೇಳಿಬಿಡುತ್ತೇನೆ.

ಕಾಗದವನ್ನು ನನ್ನ ಕೈಗಿಟ್ಟು ಡಾಕ್ಟರು, "ಮೈ ಒಣಗೈತೆ. ಇನ್ನು ಬಿಚ್ಚಮ್ಮ ಹಸೂನ," ಎಂದರು. ಎಳೆದೆ. ಬಿಚ್ಚಲಿಲ್ಲ. ಅವರು ಕಲಿಸಿದ ಗಂಟನ್ನು ಸರಿಯಾಗಿಯೇ ಹಾಕಿದ್ದೆ. ಆದರೆ ಭಯಕ್ಕೆ ಅದರ ಮೇಲೆ ಇನ್ನೊಂದು, ಅದು ಜಾರಿದರೆ ಎಂದು ಮತ್ತೊಂದು, ಹೀಗೆ ಒಟ್ಟು ಐದು ಹಾಕಿದ್ದೆ. ಡಾಕ್ಟರು ಎಳೆದರು. ಜೊತೆಗೆ ಬಂದಿದ್ದ ಅಪ್ಪ ಕೈಗೆ ಗೋಣಿ ಸುತ್ತಿಕೊಂಡು ಎಳೆದರು. ಚುಕ್ಕಿ ಮೆಲುಕು ಹಾಕುತ್ತ ಮೂವರನ್ನೂ ನೋಡಿತು. ಔಷಧಿ ತಾಕಿದ ಹಗ್ಗಕ್ಕೆ ಸೊಪ್ಪು ಕೊಯ್ಯುವ ಕುಡುಗೋಲು ಮುಟ್ಟಿಸುವಂತಿಲ್ಲವಲ್ಲ, ಕೊನೆಗೆ ಅಕ್ಕ ತೆಂಗಿನಕಾಯಿ ಮಚ್ಚು ತಂದಳು.

"ಹಸುಗೇನೂ ಆಗಿಲ್ಲ, ಹುಳಕ್ಕೇನೂ ಆಗಿಲ್ಲ," ಎಂದರು ಅಪ್ಪ, ಎರಡು ತುಂಡುಗಳನ್ನೂ ಎತ್ತಿ ಹಿಡಿದು. "ಹಗ್ಗ ಮಾತ್ರ ನಿನ್ನೆ ತಂದಿದ್ದು ಕಣಮ್ಮ."