ಟವಲು ಹಾಕಿದ ಸೀಟು

ನನ್ನ ಮೊಮ್ಮಗಳು ಬುಲೆಟ್ ಓಡಿಸುತ್ತಾಳೆ. ಇದನ್ನು ಬರೆಯುವಾಗಲೂ ನನಗೆ ನಗು ಬರುತ್ತದೆ, ಎದೆ ತುಂಬಿಕೊಳ್ಳುತ್ತದೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಆಮೇಲೆ ಕೊಳ್ಳೇಗಾಲದಲ್ಲಿ ಬಿಸಿನೀರಿನ ಮುಂದೆ ಕೂತು ರೇಷ್ಮೆಗೂಡಿನ ನೂಲು ಬಿಚ್ಚಿ ಬಿಚ್ಚಿ ಬೆರಳ ತುದಿಯ ಗೆರೆಯೆಲ್ಲ ಅಳಿಸಿಹೋಗಿದೆ. ಈಗ ರೇಷನ್ ಅಂಗಡಿಯ ಮಿಷನ್ನು ನನ್ನ ಬೆರಳನ್ನು ಒಪ್ಪುವುದಿಲ್ಲ. ಈ ಬೆರಳು ಹಿಡಿದು ನಡೆಯಲು ಕಲಿತ ಕೂಸು ಇವತ್ತು ಯಳಂದೂರಿನ ಆಸ್ಪತ್ರೆಯಲ್ಲಿ ನರ್ಸು. ಡ್ಯೂಟಿ ಮುಗಿಸಿ ಗಾಡಿ ತಿರುಗಿಸಿಕೊಂಡು ಬಂದಳೆಂದರೆ ನಮ್ಮ ಬೀದಿಯ ಕೋಳಿಗಳೆಲ್ಲ ಚರಂಡಿ ದಾಟುತ್ತವೆ. ನಾನು ಬಾಗಿಲಲ್ಲಿ ನಿಂತು ನೋಡುತ್ತೇನೆ. ಯಾರ ದೃಷ್ಟಿಯೂ ತಾಕದಿರಲಿ ಎಂದು ನನ್ನ ದೃಷ್ಟಿಯನ್ನೇ ಮೊದಲು ನಿವಾಳಿಸುತ್ತೇನೆ.

ಕೊಳ್ಳೇಗಾಲ, ಹನೂರು, ಯಳಂದೂರಿನವರು ಸೇರಿ ಒಂದು ಬೈಕಿನ ಗುಂಪು ಮಾಡಿಕೊಂಡಿದ್ದಾರೆ. ಅದರಲ್ಲಿ ಹೆಣ್ಣು ಇವಳೊಬ್ಬಳೇ. ಗುಂಪಿನ ಮುಂದಾಳು ಹನೂರಿನ ಹಾರ್ಡ್‌ವೇರ್ ಅಂಗಡಿಯವನು. ಅವರು ದಿಂಬಂ ಘಟ್ಟ ಇಳಿದು ಮೇಟುಪಾಳ್ಯಕ್ಕೆ ಹೋಗುವುದು, ಗಾಡಿಗಳನ್ನು ಅಲ್ಲೇ ಬಿಟ್ಟು ಗುಡ್ಡ ಹತ್ತುವ ರೈಲಿನಲ್ಲಿ ಕೂನೂರಿಗೆ ಹೋಗಿ ಅದೇ ದಿನ ಇಳಿಯುವುದು, ಮಾರನೇ ದಿನ ಗಾಡಿಯಲ್ಲಿ ಊಟಿಗೆ ಎಂದು ತೀರ್ಮಾನ ಮಾಡಿದರು. ರೈಲಿನ ಯೋಚನೆ ನನ್ನ ಮೊಮ್ಮಗಳದು. ಫೋನು ಹಿಡಿದು ಟಿಕೆಟ್ ಮಾಡಿಸಿದವಳೂ ಅವಳೇ. ನನ್ನ ಮಗ, ಅಂದರೆ ಅವಳ ಅಪ್ಪ, ಅಷ್ಟು ಗಂಡಸರ ಜೊತೆ ಒಬ್ಬಳೇ ಬೇಡ ಎಂದ. ಹಾಗಾದರೆ ಅಜ್ಜಿಯನ್ನು ಕರೆದುಕೊಂಡು ಹೋಗುತ್ತೇನೆ ಎಂದಳು. ಕಾವಲಿಗೆ ಎಂದು ಎಲ್ಲರೂ ತಿಳಿದರು, ನಾನೂ ಹಾಗೇ ತಿಳಿದೆ. ಹೊರಡುವ ಹಿಂದಿನ ದಿನ ನನ್ನ ತಲೆಗೆ ಹೆಲ್ಮೆಟ್ ಅಳತೆ ನೋಡುತ್ತಾ ಅವಳು ಹೇಳಿದ್ದೇ ಬೇರೆ.

"ನೀನು ರೈಲು ನೋಡೋದ್ನ ನಾನು ನೋಡ್ಬೇಕು ಕಣಜ್ಜಿ. ಅದುಕ್ಕೇ ಟಿಕೆಟ್ ಮಾಡ್ಸಿರದು."

ನಾನು ರೈಲು ಹತ್ತಿದವಳಲ್ಲ. ಕೊಳ್ಳೇಗಾಲಕ್ಕೆ ರೈಲು ಬರುತ್ತದಂತೆ ಎಂಬ ಮಾತು ನಾನು ಮದುವೆಯಾಗಿ ಬಂದಾಗಲೂ ಇತ್ತು, ಈಗಲೂ ಇದೆ. ರೈಲು ಮಾತ್ರ ಇಲ್ಲ. ಚಾಮರಾಜನಗರದ ತನಕ ಬಂದಿರುವ ರೈಲನ್ನು ನೋಡಲೆಂದೇ ಹೋಗುವಷ್ಟು ಬಿಡುವು ನನಗೆ ಯಾರೂ ಕೊಡಲಿಲ್ಲ.

ತಲೆಗೆ ಹಸಿರಂಚಿನ ಟವಲು ಸುತ್ತಿ, ಅದರ ಮೇಲೆ ಹೆಲ್ಮೆಟ್ ಹಾಕಿಕೊಂಡು ಅವಳ ಹಿಂದೆ ಕೂತೆ. ದಿಂಬಂನ ತಿರುವುಗಳಲ್ಲಿ ಮಾದಪ್ಪನನ್ನು ಕೂಗಿದ ಹಾಗೆ ಬೇರೆಲ್ಲೂ ಕೂಗಿಲ್ಲ. ಅವಳು ನಗುತ್ತಾ ನಗುತ್ತಾ ಇಳಿಸಿದಳು. ದಾರಿಯಲ್ಲಿ ಟೀ ಕುಡಿಯುವಾಗ ಮುಂದಾಳು, ಅಜ್ಜಿಯ ಸೊಂಟ ಗಟ್ಟಿ, ನಮ್ಮ ಗುಂಪಿಗೇ ಸೇರಿಸಿಕೊಳ್ಳೋಣ ಎಂದು ತಮಾಷೆ ಮಾಡಿದ. ನನಗೂ ಖುಷಿಯೇ ಆಯಿತು. ಅವನ ಭಾಮೈದನೊಬ್ಬ ಕೊನೇ ಗಳಿಗೆಯಲ್ಲಿ ಗುಂಪಿಗೆ ಸೇರಿದ್ದ. ಅವನಿಗೆ ರೈಲಿನ ಟಿಕೆಟ್ ಇರಲಿಲ್ಲ. ನೀವೆಲ್ಲ ಹೋಗಿ ಬನ್ನಿ, ಗಾಡಿ, ಬ್ಯಾಗು ನಾನು ನೋಡಿಕೊಳ್ಳುತ್ತೇನೆ ಎಂದು ಅವನೇ ಎಲ್ಲರೆದುರು ಒಪ್ಪಿಕೊಂಡು ಬಂದಿದ್ದ.

ರಾತ್ರಿ ಮೇಟುಪಾಳ್ಯದಲ್ಲಿ ಉಳಿದೆವು. ಬೆಳಿಗ್ಗೆ ಸ್ಟೇಷನ್ನಿನಲ್ಲಿ ಆ ಪುಟ್ಟ ರೈಲನ್ನು ಈ ತುದಿಯಿಂದ ಆ ತುದಿಯ ತನಕ ನಡೆದು ನೋಡಿದೆ. ನೀಲಿ ಬಣ್ಣ, ಮರದ ಸೀಟು. ಇಂಜಿನ್ನು ಹಿಂದುಗಡೆ ಇತ್ತು. ಎಳೆಯುವುದಿಲ್ಲವಂತೆ, ತಳ್ಳುತ್ತದಂತೆ. ಹೆರಿಗೆ ಮಾಡಿಸುವ ಸೂಲಗಿತ್ತಿ ಬೆನ್ನಿಗೆ ಕೈ ಕೊಟ್ಟ ಹಾಗೆ ಎಂದೆ. ಮೊಮ್ಮಗಳು ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ನನ್ನನ್ನು ಕಿಟಕಿ ಪಕ್ಕ ಕೂರಿಸಿದಳು. ಎದುರಿನ ಸೀಟು ಅವಳದು. ಅಲ್ಲಿ ಕೂತರೆ ನನ್ನ ಮುಖ ಚೆನ್ನಾಗಿ ಕಾಣುತ್ತದೆಂದು ಹಾಗೇ ಆರಿಸಿ ಮಾಡಿಸಿದ್ದಳು. ಅಷ್ಟರಲ್ಲಿ ಮುಂದಾಳು ಕೆಳಗಿನಿಂದ ಅವಳನ್ನು ಕರೆದ. ಒಂದು ನಿಮಿಷ ಅಜ್ಜಿ, ಬಂದೆ ಎಂದು ಇಳಿದಳು.

ನಾನು ತಲೆಯ ಟವಲು ಬಿಚ್ಚಿ ಅವಳ ಸೀಟಿನ ಮೇಲೆ ಹಾಸಿದೆ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಮಾವಾಸ್ಯೆಗೆ ಮಾದಪ್ಪನ ಬೆಟ್ಟಕ್ಕೆ ಹೋಗುವ ಜನ ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ತುಂಬಿರುವಾಗ, ಬಸ್ಸು ನಿಲ್ಲುವ ಮೊದಲೇ ಕಿಟಕಿಗಳಿಂದ ಟವಲುಗಳು ಒಳಗೆ ಬೀಳುತ್ತವೆ. ಟವಲಿಲ್ಲದವರು ಎಲೆಅಡಿಕೆ ಚೀಲ ಎಸೆಯುತ್ತಾರೆ. ಒಬ್ಬಳು ಎಡಗಾಲಿನ ಚಪ್ಪಲಿ ಎಸೆದದ್ದನ್ನೂ ನೋಡಿದ್ದೇನೆ. ಬಿದ್ದ ಮೇಲೆ ಆ ಸೀಟು ಅವರದು. ಎಂಥ ಜಗಳಗಂಟನೂ, ಎಂಥ ಸಾವುಕಾರನೂ ಇನ್ನೊಬ್ಬರ ಟವಲು ಎತ್ತುವುದಿಲ್ಲ. ನಿಂತೇ ಹೋಗುತ್ತಾನೆ. ಕಂಡಕ್ಟರಿಗಿಂತ ದೊಡ್ಡ ಕಾನೂನು ಅದು.

ಭಾಮೈದ ಹತ್ತಿ ಬಂದ. ನನ್ನ ಟವಲನ್ನು ಎರಡು ಬೆರಳಲ್ಲಿ ಎತ್ತಿ ನನ್ನ ತೊಡೆಯ ಮೇಲಿಟ್ಟು ಕೂತುಬಿಟ್ಟ.

"ಅದು ನನ್ ಮೊಮ್ಮಗಳ ಸೀಟು ಕಣಪ್ಪ," ಎಂದೆ. "ನಾನು ಟವಲ್ ಆಕಿವ್ನಲ್ಲ."

"ಇದೇನ್ ಬೆಟ್ಟದ್ ಬಸ್ಸಾ ಅಜ್ಜಿ, ಟವಲ್ ಆಕಕೆ? ಅವ್ಳು ಗಾಡಿ ತಾವ ಇರ್ತಾಳಂತೆ, ಸುಮ್ನೆ ಕೂತ್ಕಳಿ."

ಸುತ್ತ ಕೂತವರೆಲ್ಲ ನಕ್ಕರು. ನಮ್ಮ ಕಡೆಯವರೇ. ಬಸ್ ಸ್ಟ್ಯಾಂಡಿನಲ್ಲಿ ಅದೇ ಟವಲು ಎಸೆದು ಬೆಳೆದವರೇ. ಕೆಳಗೆ ಏನಾಯಿತೆಂದು ಆಮೇಲೆ ತಿಳಿಯಿತು. ಭಾಮೈದನಿಗೆ ರೈಲು ಕಂಡ ಮೇಲೆ ಆಸೆಯಾಯಿತು. ಮುಂದಾಳು ನನ್ನ ಮೊಮ್ಮಗಳಿಗೆ, ನೀನು ಹುಡುಗಿ, ಜವಾಬ್ದಾರಿ ಇರುವವಳು, ಗಂಡುಹುಡುಗರನ್ನು ನಂಬಿ ಗಾಡಿ ಬಿಡುವುದು ಹೇಗೆ, ಅಜ್ಜಿ ನೋಡಿದರೆ ಸಾಕಲ್ಲವಾ ಎಂದ. ಅವಳು ಟಿಕೆಟ್ಟು ತೋರಿಸಿದಳು. ಹೆಸರು ಯಾರು ಕೇಳುತ್ತಾರೆ ಎಂದ. ಕೇಳಲು ಬಂದ ರೈಲಿನವರಿಗೆ ಹನೂರಿನ ಕಡೆಯ ತಮಿಳಿನಲ್ಲಿ ಮುಂದಾಳು ಏನೋ ಹೇಳಿದ್ದನ್ನು, ಅವರು ತಲೆಯಾಡಿಸಿ ಮುಂದೆ ಹೋದದ್ದನ್ನು ನಾನೇ ನೋಡಿದೆ.

ರೈಲು ಕೂಗಿತು. ನಾನು ಇಳಿಯಲು ಎದ್ದೆ, ಆಗಲೇ ಅಲುಗಾಡಿ ಹೊರಟಿತು, ಮತ್ತೆ ಸೀಟಿಗೇ ಬಿದ್ದೆ. ಕಿಟಕಿಯಾಚೆ ಅವಳು ಹೆಲ್ಮೆಟ್ ಹಿಡಿದು ರೈಲಿನ ಜೊತೆಗೇ ನಡೆಯುತ್ತಿದ್ದಳು. ನನ್ನ ಮುಖವನ್ನೇ ನೋಡುತ್ತಿದ್ದಳು. ಇದಕ್ಕಾಗಿ ತಾನೇ ಅವಳು ಟಿಕೆಟ್ ಮಾಡಿಸಿದ್ದು. ಆ ಮಗು ನೋಡಿದ್ದು ನನ್ನ ಅಳುಮುಖವನ್ನು, ಅದೂ ಪ್ಲಾಟ್‌ಫಾರಂ ಮುಗಿಯುವ ತನಕ ಮಾತ್ರ.

ದಾರಿ ಚೆಲುವಾಗಿತ್ತು. ಸುಳ್ಳು ಹೇಳಲಾರೆ. ಹಳಿಯ ನಡುವೆ ಗರಗಸದಂಥ ಹಲ್ಲು, ಕೈಚಾಚಿದರೆ ಸಿಗುವ ಬಂಡೆ, ಕೆಳಗೆ ಪಾತಾಳ, ನೀರು ತುಂಬಿಕೊಳ್ಳಲು ನಿಂತಾಗ ಇಂಜಿನ್ನು ಹಸುವಿನ ಹಾಗೆ ಉಸಿರು ಬಿಟ್ಟಿದ್ದು. ಒಂದೊಂದು ಸಲ ಬಾಯಿ ತನ್ನಷ್ಟಕ್ಕೆ ತೆರೆದು, ನೋಡವ್ವ ಎಂದು ಎದುರಿಗೆ ತಿರುಗಿದರೆ ಭಾಮೈದ ಬಾಯಿ ತೆರೆದು ಮಲಗಿದ್ದ. ಆಸೆಪಟ್ಟು ಕಿತ್ತುಕೊಂಡ ಸೀಟಿನಲ್ಲಿ ಅರ್ಧ ದಾರಿ ಗೊರಕೆ ಹೊಡೆದ. ವಾಪಸು ಇಳಿಯುವಾಗಲೂ ಅಷ್ಟೇ.

ಸಂಜೆ ಅವಳು ಗಾಡಿಗಳ ನಡುವೆ ಬ್ಯಾಗಿನ ಮೇಲೆ ಕೂತಿದ್ದಳು. ಬಿಸಿಲಿಗೆ ಮೂಗು ಕೆಂಪಾಗಿತ್ತು. ಹೇಗಿತ್ತು ಎಂದು ಕೇಳಿದಳು. ಚೆನ್ನಾಗಿತ್ತು ಎಂದೆ. ಊರಿಗೆ ಹೋದ ಮೇಲೆ ಇವರನ್ನು ಸುಮ್ಮನೆ ಬಿಡುವುದಿಲ್ಲ ಎಂದೂ ಹೇಳಿದೆ. ಅವಳು ನನ್ನ ಹೆಲ್ಮೆಟ್ಟಿನ ಪಟ್ಟಿ ಬಿಗಿದಳು.

"ಬುಡಜ್ಜಿ. ಜಗಳ ಮಾಡುದ್ರೆ ಮುಂದ್ಲ್ ಸಲ ಕರ್ಯಲ್ಲ. ಒಬ್ಬಳೇ ಓಯ್ತೀನಿ ಅಂದ್ರೆ ಅಪ್ಪ ಬುಡಲ್ಲ. ನಾನ್ ಯಾರ್ ಜೊತೆ ಓಗ್ಲಿ?"

ಕಾವಲಿಗೆ ಹೋದವಳು ನಾನು. ನಾನು ಕಾದದ್ದು ಏನನ್ನು?

ಕೆಲವು ವಾರಗಳಾದ ಮೇಲೆ ಯಳಂದೂರಿಗೆ ಹೋಗಲು ಕೊಳ್ಳೇಗಾಲದಲ್ಲಿ ಬಸ್ಸು ಹತ್ತಿದೆ. ತುಂಬಾ ರಶ್ಶು. ಒಂದು ಸೀಟು ಮಾತ್ರ ಖಾಲಿ, ಅದರ ಮೇಲೆ ಟವಲು. ನನ್ನ ಹಿಂದೆಯೇ ಹತ್ತಿ ಬಂದ ಟವಲಿನ ಯಜಮಾನ ಅದೇ ಭಾಮೈದ. ನನ್ನನ್ನು ನೋಡಿದ, ಟವಲು ನೋಡಿದ, ಗುರುತು ಹಿಡಿದ. ನಾನು ಅದನ್ನು ಎತ್ತಿ ಬಿಸಾಕಬಹುದಿತ್ತು. ಕೈ ಹೋಗಲಿಲ್ಲ. ಅವನು ಕೂರಲೂ ಆಗದೆ ನಿಲ್ಲಲೂ ಆಗದೆ ಟವಲು ತೆಗೆದ.

"ಕೂತ್ಕಳಿ ಅಜ್ಜಿ."

"ಬ್ಯಾಡ ಕಣಪ್ಪ," ಎಂದೆ. "ಟವಲ್ ಆಕ್ದೋನು ನೀನು. ನೀನೇ ಕೂತ್ಕ."

ಬಸ್ಸಿನವರೆಲ್ಲ ನೋಡುತ್ತಿದ್ದರು. ಅವನು ಕೂತ. ಯಳಂದೂರಿನ ತನಕ ಕಂಬಿ ಹಿಡಿದು ಅವನ ಪಕ್ಕದಲ್ಲೇ ನಿಂತೆ. ಅವನು ಕಿಟಕಿಯಾಚೆ ನೋಡುತ್ತಿದ್ದ. ಈ ಸಲ ನಿದ್ದೆ ಬರಲಿಲ್ಲ ಅವನಿಗೆ. ನನಗೆ ಸಮಾಧಾನವಾಯಿತು ಎಂದರೆ ಅದೂ ಸುಳ್ಳು. ಹೋದ ಸೀಟು ಹೋಯಿತು.

ಇಳಿದಾಗ ಮೊಮ್ಮಗಳು ಬುಲೆಟ್ ತಂದು ನಿಲ್ಲಿಸಿಕೊಂಡು ಕಾಯುತ್ತಿದ್ದಳು. ಕಾಲು ಯಾಕೆ ಹೀಗೆ ನಡುಗುತ್ತಿದೆ, ಸೀಟು ಸಿಗಲಿಲ್ಲವಾ ಎಂದು ಕೇಳಿದಳು. ಇರಲಿಲ್ಲ ಕಣವ್ವ ಎಂದು ಹೇಳಿ, ಟವಲು ತಲೆಗೆ ಸುತ್ತಿ ಅವಳ ಹಿಂದೆ ಹತ್ತಿ ಕೂತೆ.