ಮಗ್ಗದ ಕಾಲು ನೀರಿಗಿಳಿದಾಗ

ನಾನು ಈಜುತ್ತೇನೆ. ಚೆನ್ನಾಗಿಯೇ ಈಜುತ್ತೇನೆ. ಇದನ್ನು ಸಂಕೋಚದಿಂದ ಹೇಳುವ ವಯಸ್ಸು ನನ್ನದಲ್ಲ. ತಿರುಪ್ಪೂರಿನ ಈಜುಕೊಳದಲ್ಲಿ ಬೆಳಗಿನ ಹೊತ್ತು ಹೆಂಗಸರಿಗೆ ಮೀಸಲು. ನಮ್ಮಲ್ಲಿ ಎರಡು ಗುಂಪು. ಮೊದಲನೆಯದರಲ್ಲಿ ಮುಳುಗದೆ ಆಚೆ ದಡ ಮುಟ್ಟಿದರೆ ಸಾಕು. ಎರಡನೆಯದರಲ್ಲಿ ದಮ್ಮು ಬೆಳೆಸುವ ನಿಜವಾದ ಕಸರತ್ತು. ಅದಕ್ಕೆ ಸೇರಬೇಕಾದರೆ ಕೊಳದ ಉದ್ದವನ್ನು ಹದಿನಾರು ಸಲ ಎಲ್ಲೂ ನಿಲ್ಲದೆ ಈಜಬೇಕು. ಆ ಗುಂಪು ನನಗೆ ಬೇಕೇ ಬೇಕಿತ್ತು.

ಕಾರಣ ಮನೆಯಲ್ಲೇ ಕೂತಿತ್ತು: ಅಮ್ಮ. ನಮ್ಮಂಥ ಕನ್ನಡದ ನೇಕಾರರಿರುವ ಸಿರುಮುಗೈಯಲ್ಲಿ ರೇಷ್ಮೆ ಸೀರೆ ನೇಯ್ದು ನೇಯ್ದು ಅವಳ ಮೊಣಕಾಲುಗಳು ನಲವತ್ತೈದಕ್ಕೇ ಕೈಕೊಟ್ಟವು. ಅಜ್ಜಿಯದೂ ಅದೇ ಕತೆ. ಮದುವೆಯಾಗಿ ತಿರುಪ್ಪೂರಿಗೆ ಬಂದು ಬನಿಯನ್ ಹೊಲಿಯುವ ಕಂಪನಿ ಸೇರುವವರೆಗೆ ನಾನೂ ಅದೇ ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತವಳು. ಕಂಪನಿಯ ಮೆಟ್ಟಿಲು ಹತ್ತುವಾಗ ನನ್ನ ಮೊಣಕಾಲೂ ಗೊಣಗತೊಡಗಿದಾಗ ನನಗೆ ದುಃಖವಾಗಲಿಲ್ಲ, ಕೋಪ ಬಂತು. ಮಂಡಿಗೆ ಭಾರ ಬೀಳದೆ ಕಾಲು ಗಟ್ಟಿಯಾಗಲು ಈಜೇ ಸರಿ ಎಂದು ಕೇಳಿ ಕೊಳಕ್ಕೆ ಸೇರಿದೆ.

“ನಮ್ಮನೆ ಹೆಣ್ಗಳ್ ಕಾಲು ಅಷ್ಟೇಯಾ. ಮಗ್ಗಕ್ಕೆ ಕೊಟ್ಟಾಯ್ತು, ಬುಡು,” ಎಂದಳು ಅಮ್ಮ. “ಈ ವಯಸ್ಸಲ್ಲಿ ತಣ್ಣೀಲಿ ಬಿದ್ದು ಒದ್ದಾಡಿದ್ರೆ ಸರಿ ಹೋಗ್ತದಾ?”

ನನ್ನ ತೊಂದರೆಯೂ ಆ ಒದ್ದಾಟದಲ್ಲೇ ಇತ್ತು. ಈಜು ಕಲಿಸುವ ಹುಡುಗಿ ದಡದಿಂದ ತಮಿಳಿನಲ್ಲಿ ಕೂಗುತ್ತಿದ್ದಳು, “ಅಕ್ಕಾ, ಸೈಕಲ್ ತುಳಿಯಬೇಡಿ!” ಅದು ಸೈಕಲ್ ಅಲ್ಲ, ಮಗ್ಗ. ಗುಂಡಿಯೊಳಗೆ ಎರಡು ಹಲಗೆ. ಒಂದನ್ನು ತುಳಿದರೆ ಇನ್ನೊಂದು ಮೇಲೇಳುತ್ತದೆ. ನೀರಿಗಿಳಿದ ಕೂಡಲೇ ನನ್ನ ಕಾಲುಗಳು ಇಲ್ಲದ ಆ ಹಲಗೆಗಳನ್ನು ಹುಡುಕಿ ಹುಡುಕಿ ತುಳಿಯುತ್ತಿದ್ದವು. ಸೊಂಟ ಮುಳುಗುತ್ತಿತ್ತು, ಒಂದೆರಡು ಸುತ್ತಿಗೇ ಜೀವ ಬಾಯಿಗೆ ಬರುತ್ತಿತ್ತು.

ತೇಲುವ ಹಲಗೆಯೊಂದನ್ನು ಕೈಯಲ್ಲಿ ಹಿಡಿದು ಬರೀ ಕಾಲು ಬಡಿಯುವ ಅಭ್ಯಾಸ ಶುರುವಾಯಿತು. ಮಂಡಿ ಮಡಿಸುವಂತಿಲ್ಲ, ಬಡಿತ ತೊಡೆಯಿಂದಲೇ ಬರಬೇಕು. ಮನೆಯಲ್ಲೂ ಮಂಚದ ಅಂಚಿಗೆ ಬೋರಲು ಮಲಗಿ ಗಾಳಿಗೆ ಒದೆಯುತ್ತಿದ್ದೆ. ಅಮ್ಮ ಕಾಫಿ ಕುಡಿಯುತ್ತಾ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದಳು. ನಗಲಿ ಬಿಡಿ, ನನಗೇನು.

ಕಾಲು ಸರಿಹೋದ ಮೇಲೂ ಉಸಿರು ಸಾಲಲಿಲ್ಲ. ಮೊದಲ ಸುತ್ತಿನಲ್ಲೇ ಎಲ್ಲ ಶಕ್ತಿ ಸುರಿದುಬಿಡುತ್ತಿದ್ದೆ. ಒಂದು ದಿನ ಹೊಳೆಯಿತು: ಬೆಳಿಗ್ಗೆಯೇ ರಭಸದಿಂದ ಲಾಳಿ ಹೊಡೆದವರು ಮಧ್ಯಾಹ್ನಕ್ಕೆ ಕಡಿದ ಎಳೆ ಜೋಡಿಸುತ್ತಾ ಕೂರುತ್ತಾರೆ, ಒಂದೇ ಹದದಲ್ಲಿ ನೇಯುವವರ ಸೀರೆಯೇ ಮೊದಲು ಮಗ್ಗದಿಂದ ಇಳಿಯುತ್ತದೆ. ಕಾಲುಗಳು ಮಗ್ಗವನ್ನು ಮರೆಯಬೇಕಿತ್ತು, ಕೈಗಳು ಮರೆಯಬಾರದಿತ್ತು. ಅಂದಿನಿಂದ ಲಾಳಿಯ ಲಯದಲ್ಲೇ ಕೈ ಬೀಸಿದೆ.

ಪರೀಕ್ಷೆಯ ಭಾನುವಾರ ಅಮ್ಮನೂ ಜೊತೆಗಿದ್ದಳು. ಈಜು ಮುಗಿಸಿ ನಾವು ಹಾಗೇ ಸಿರುಮುಗೈಯ ಸೀಮಂತವೊಂದಕ್ಕೆ ಹೋಗಬೇಕಿತ್ತು. ದಡದ ಕುರ್ಚಿಯಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಅರ್ಧಕ್ಕಿಂತ ಹೆಚ್ಚು ಈಜಿದ್ದೆ, ದಣಿದ ಕಾಲುಗಳು ಮತ್ತೆ ಮಗ್ಗದ ಹಲಗೆ ಹುಡುಕತೊಡಗಿದವು. ನೀರೊಳಗೇ ಗುಳ್ಳೆ ಬಿಡುತ್ತಾ ಅಚ್ಚ ಕನ್ನಡದಲ್ಲಿ ಅವನ್ನು ಬೈದೆ. ನೆಟ್ಟಗಾದವು. ಕೊನೆಯ ಸಲ ಗೋಡೆ ಮುಟ್ಟಿದಾಗ ಹುಡುಗಿ ಚಪ್ಪಾಳೆ ತಟ್ಟಿ, ನಾಳೆಯಿಂದ ಎರಡನೇ ಗುಂಪಿಗೆ ಬನ್ನಿ ಎಂದಳು. ಮೆಟ್ಟಿಲು ಹತ್ತಿ ಮೇಲೆ ಬಂದೆ. ಮಂಡಿಗಳು ಗೊಣಗಲಿಲ್ಲ.

ಸಿರುಮುಗೈಯ ಬಸ್ಸು ಹತ್ತಿದೆವು. ಅವಿನಾಶಿ ಊರು ದಾಟಿದ ಮೇಲೆ ಅಮ್ಮ ಕೇಳಿದಳು, “ಆ ತಣ್ಣೀಲಿ ಮಂಡಿ ನೋಯಲ್ವಾ?”

“ಇಲ್ಲಮ್ಮಾ.”

“ಆಳ ಇಲ್ದಿರೋ ಜಾಗ ಐತಾ?”

“ಐತೆ. ಸೊಂಟದ ಮಟ್ಟಕ್ಕೆ.”

ಕಿಟಕಿಯಾಚೆ ನೋಡುತ್ತಲೇ ಹೇಳಿದಳು, “ಹಂಗಾದ್ರೆ ನಿನ್ ಕಂಪನೀಲಿ ಹೇಳಿ ನನ್ಗೂ ಒಂದು ಉಡುಪು ಹೊಲ್ಸು. ತೋಳು ಉದ್ದ ಇರ್ಲಿ. ಕಾಲು ಪೂರಾ ಮುಚ್ಬೇಕು.”

ಅಳತೆಯ ಟೇಪು ಕೈಯಲ್ಲಿರಲಿಲ್ಲ. ಬಸ್ಸಿನಲ್ಲೇ ಬಗ್ಗಿ, ಅವಳ ಮಂಡಿಯಿಂದ ಪಾದದವರೆಗೆ ಗೇಣು ಹಾಕಿ ಅಳೆದೆ.